ಬಾರಿಸೋದೂ ಹೋರಾಟ, ಬಾರಿಸಲ್ಲ ಅನ್ನೋದೂ ಹೋರಾಟ

ಪಿರಿಯಾಪಟ್ಟಣದ ಕೊಪ್ಪ ಕಡೆಯಿಂದ ಕಾಲೇಜಿಗೆ ಬರೋ ಗೆಳೆಯರಿಗೆ ಚರ್ಮವಾದ್ಯದ ಸದ್ದು ಹೊಸದೇನಲ್ಲ. ಊರ ಹಬ್ಬಕ್ಕೆ ತಮಟೆ. ಪಕ್ಕದ ಬೈಲಕುಪ್ಪೆಯ ಟಿಬೆಟನ್ ಗೊಂಪಾಗಳಲ್ಲಿ ಪೂಜೆಗೆ ದೊಡ್ಡ ನಗಾರಿ. ಹಾಗಾದ್ರೆ ಅಮೆರಿಕದ ಜಾಝ್ ಡ್ರಮ್ಮರ್ ಒಬ್ಬರ ಸಾಕ್ಷ್ಯಚಿತ್ರವನ್ನು ನಾವ್ಯಾಕೆ ನೋಡಬೇಕು? ‘ಮ್ಯಾಕ್ಸ್ ರೋಚ್: ದ ಡ್ರಮ್ ಆಲ್ಸೋ ವಾಲ್ಟ್ಸಸ್’ (2023) ನೋಡುವ ಮೊದಲು ಕೆಲವು ಸಂಗತಿ ಗೊತ್ತಿದ್ದರೆ ಚೆನ್ನ.

ರೋಚ್ ಹುಟ್ಟಿದ್ದು 1924ರಲ್ಲಿ, ಉತ್ತರ ಕೆರೊಲಿನಾದಲ್ಲಿ. 1960ರ ಫೆಬ್ರವರಿ 1ರಂದು ಅದೇ ರಾಜ್ಯದ ಗ್ರೀನ್ಸ್‌ಬರೊದಲ್ಲಿ, ಕೃಷಿ ಮತ್ತು ತಾಂತ್ರಿಕ ಕಾಲೇಜಿನ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಿದ್ದ ತಿಂಡಿ ಕೌಂಟರಿನಲ್ಲಿ ಕೂತರು. ನಮ್ಮ ಹಾಗೇ ಕಾಲೇಜು ಹುಡುಗರು! ಅದೇ ವರ್ಷ ರೋಚ್ ‘ವಿ ಇನ್ಸಿಸ್ಟ್!’ ಆಲ್ಬಂ ಮಾಡಿದರು. ಹೊದಿಕೆಯ ಚಿತ್ರವೂ ಅಂಥದ್ದೇ ಒಂದು ಕೌಂಟರಿನದು.

ಅದರ ಮೊದಲ ಹಾಡು ‘ಡ್ರೈವಾ ಮ್ಯಾನ್’, ಗುಲಾಮರನ್ನು ದುಡಿಸುತ್ತಿದ್ದ ಮೇಸ್ತ್ರಿಯ ಬಗ್ಗೆ. ಐದು ಎಣಿಕೆಯ ತಾಳ. ನಮ್ಮ ಖಂಡ ಚಾಪು ಗೊತ್ತಿದ್ದರೆ ಲೆಕ್ಕ ಬೇಗ ಹಿಡಿಯುತ್ತೆ. ಪ್ರತಿ ಸುತ್ತಿನ ಮೊದಲ ಎಣಿಕೆಗೆ ಒಂದು ಚುರುಕಾದ ಏಟು: ಬೆನ್ನಿಗೆ ಬೀಳೋ ಚಾಟಿಯ ಹಾಗೆ. ಭಾಷಣವೇ ಇಲ್ಲದೆ ಕಡ್ಡಿ, ಚರ್ಮ, ಅಂಚು ಇಷ್ಟರಲ್ಲೇ ವಿಷಯ ಮುಟ್ಟುತ್ತೆ.

ಡ್ರಮ್ಮಿಗೆ ಅಲ್ಲಿ ಇಷ್ಟು ಬೆಲೆ ಬಂದಿದ್ದಕ್ಕೆ ಕಾರಣವಿದೆ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಡ್ರಮ್ ಬಾರಿಸುತ್ತಾ ದಂಗೆ ಎದ್ದರು. ಮರುವರ್ಷದ ಕಾನೂನು ಅವರಿಗೆ ಡ್ರಮ್ಮನ್ನೇ ನಿಷೇಧಿಸಿತು. ಹಾಗಾಗಿ ಅಲ್ಲಿ ಬಾರಿಸೋದೇ ಒಂದು ಹಕ್ಕು.

ನಮ್ಮಲ್ಲಿ ಕಥೆ ತಿರುಗಾಮುರುಗಾ. ಇಲ್ಲಿ ವಾದ್ಯವನ್ನು ಕಿತ್ತುಕೊಳ್ಳಲಿಲ್ಲ, ಹೇರಿದರು. ಸಾವಿನ ಮನೆ, ಡಂಗುರ, ಜಾತ್ರೆ ಎಲ್ಲಕ್ಕೂ ತಮಟೆ ಬಡಿಯೋದು ದಲಿತರ ಬಿಟ್ಟಿ ಚಾಕರಿಯಾಗಿತ್ತು. ಆದ್ದರಿಂದ 1970ರ ದಶಕದ ನಂತರ ದಲಿತ ಚಳವಳಿ ಬೆಳೆದ ಹಾಗೆ, ಹಲವು ಊರುಗಳಲ್ಲಿ ‘ನಾವಿನ್ನು ಬಡಿಯಲ್ಲ’ ಅನ್ನೋದೇ ಹೋರಾಟವಾಯಿತು. ಆಮೇಲೆ ಅದೇ ತಮಟೆ ಮೆರವಣಿಗೆಗಳಿಗೆ, ಹೋರಾಟದ ಹಾಡುಗಳಿಗೆ ಬಂತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕು ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ವಾದ್ಯ ಅದೇ; ಬದಲಾದದ್ದು ಯಾರ ಇಷ್ಟಕ್ಕೆ ಬಾರಿಸುತ್ತಾರೆ ಅನ್ನೋದು.

ಎಂಜಿನಿಯರಿಂಗ್ ಕಣ್ಣಿಗೂ ಇಲ್ಲಿ ಕೆಲಸ ಇದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸೋದು ಯಾಕೆ? ಚರ್ಮದ ತೇವ ಆರಿ ಬಿಗಿತ ಏರುತ್ತೆ. ಪೊರೆಯ ಆವರ್ತನ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತೆ: ಬಿಗಿತ ನಾಲ್ಕು ಪಟ್ಟಾದರೆ ಆವರ್ತನ ಎರಡು ಪಟ್ಟು. ಜಾಝ್ ಡ್ರಮ್ಮರ್ ಬೋಲ್ಟ್ ತಿರುಗಿಸಿ ಮಾಡೋದನ್ನು ತಮಟೆಯವರು ಒಂದು ಹಿಡಿ ಹುಲ್ಲಿನ ಬೆಂಕಿಯಲ್ಲಿ ಮಾಡ್ತಾರೆ. ಯಾವಾಗ ಸಾಕು ಅನ್ನೋದನ್ನು ಕಿವಿಯೇ ಹೇಳುತ್ತೆ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಚಿತ್ರ ನೋಡಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಹಬ್ಬಕ್ಕೆ ತಮಟೆ ಬಾರಿಸೋರ ಹತ್ತಿರ ಕೂತು ಎರಡು ಪ್ರಶ್ನೆ ಕೇಳಿ: ಈ ಗತ್ತು ಯಾರಿಂದ ಕಲಿತ್ರಿ? ಇವತ್ತಿನ ಕೂಲಿ ಎಷ್ಟು ಕೊಟ್ರು?