ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳು: ರೋಗಿಗಳು ಹಾಗೂ ಕುಟುಂಬದವರ ಮಾಹಿತಿಗಾಗಿ

ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ಕಿರೀಟ ಧಮನಿಗಳಲ್ಲಿ ಕೊಬ್ಬು ಶೇಖರಣೆಯಾಗಿ ಅಡಚಣೆ ಉಂಟಾದಾಗ, ರಕ್ತ ಹರಿಯಲು ಬದಲಿ ಮಾರ್ಗ ಕಲ್ಪಿಸುವುದೇ ಬೈಪಾಸ್ ಶಸ್ತ್ರಚಿಕಿತ್ಸೆ. ಇದರಲ್ಲಿ ಅಡಚಣೆಯನ್ನು ತೆಗೆಯಲಾಗುವುದಿಲ್ಲ. ಧಮನಿಯನ್ನು ಕೆಡಿಸಿದ ಕಾಯಿಲೆಯೂ ದೇಹದಲ್ಲಿಯೇ ಉಳಿದಿರುತ್ತದೆ. ಎದೆನೋವು ನಿಂತಿತೆಂದು ಮಾತ್ರೆಗಳನ್ನು ಬಿಟ್ಟುಬಿಡುವವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಬದಲಿ ಮಾರ್ಗದ ಬಾಳಿಕೆಯು ಬಹುಮಟ್ಟಿಗೆ ಅದಕ್ಕೆ ಬಳಸಿದ ರಕ್ತನಾಳವನ್ನು ಅವಲಂಬಿಸಿರುತ್ತದೆ. ಕಾಲಿನ ಅಭಿಧಮನಿಯನ್ನು ಬಳಸುವ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ರೆನೆ ಫಾವಲೋರೊ ಅವರು ರೂಢಿಗೆ ತಂದರು. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅಭಿಧಮನಿಯು ಸ್ವಭಾವತಃ ಕಡಿಮೆ ಒತ್ತಡದ ನಾಳ. ಧಮನಿಯ ಒತ್ತಡಕ್ಕೆ ಒಳಗಾದಾಗ ಅದರ ಒಳಪದರ ದಪ್ಪಗಾಗಿ, ಕೆಲವು ವರ್ಷಗಳ ನಂತರ ಅಲ್ಲಿಯೂ ಕೊಬ್ಬು ಸೇರತೊಡಗುತ್ತದೆ. 10 ವರ್ಷಗಳ ವೇಳೆಗೆ ಇಂತಹ ನಾಳಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿಹೋಗುತ್ತವೆ ಅಥವಾ ತೀರಾ ಕಿರಿದಾಗುತ್ತವೆ. ಎದೆಗೂಡಿನ ಎಡ ಒಳಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ಧಮನಿಗೆ ಜೋಡಿಸಿದಲ್ಲಿ, ಅದೇ ಅವಧಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ನಾಳಗಳು ತೆರೆದೇ ಇರುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಯಾವ ನಾಳವನ್ನು ಬಳಸಲಾಗುವುದೆಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಮಧುಮೇಹದ ಜೊತೆಗೆ ಹಲವು ಧಮನಿಗಳಲ್ಲಿ ಅಡಚಣೆ ಇರುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿದೆ. 2012ರಲ್ಲಿ ಪ್ರಕಟವಾದ ಫ್ರೀಡಮ್ ಅಧ್ಯಯನದಲ್ಲಿ ಐದು ವರ್ಷಗಳ ಸಾವಿನ ಪ್ರಮಾಣ ಬೈಪಾಸ್ ಆದವರಲ್ಲಿ ಶೇ. 10.9, ಸ್ಟೆಂಟ್ ಅಳವಡಿಸಿಕೊಂಡವರಲ್ಲಿ ಶೇ. 16.3 ಇತ್ತು. ಹೃದಯದ ಪಂಪ್ ಮಾಡುವ ಶಕ್ತಿ ತೀರಾ ಕುಗ್ಗಿದವರ ಕುರಿತ ಸ್ಟಿಚ್ ಅಧ್ಯಯನದ 10 ವರ್ಷಗಳ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಔಷಧಿ ಮಾತ್ರ ಪಡೆದವರಲ್ಲಿ ಶೇ. 66ರಷ್ಟು, ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಶೇ. 59ರಷ್ಟು ಮಂದಿ ಮೃತಪಟ್ಟಿದ್ದರು. ಲಾಭ ನಿಜ, ಆದರೆ ಅದಕ್ಕೆ ಮಿತಿಯಿದೆ ಎಂಬುದನ್ನೂ ಕುಟುಂಬದವರು ಅರಿತಿರುವುದು ಒಳಿತು.

ಆಸ್ಪಿರಿನ್ ಹಾಗೂ ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಜೀವನಪರ್ಯಂತ ಸೇವಿಸಬೇಕಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಇವುಗಳನ್ನು ನಿಲ್ಲಿಸಬಾರದು. ಇವು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಬೀಡಿ, ಸಿಗರೇಟು ಸೇದುವುದನ್ನು ಸಂಪೂರ್ಣವಾಗಿ ತ್ಯಜಿಸತಕ್ಕದ್ದು. ಎದೆನೋವು ಅಥವಾ ನಡೆಯುವಾಗ ಏದುಸಿರು ಮರುಕಳಿಸಿದಲ್ಲಿ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ತೆರಳಬೇಕು.

ಡಿಸ್ಚಾರ್ಜ್ ಸಮ್ಮರಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಯಾವ ನಾಳವನ್ನು ಎಲ್ಲಿಗೆ ಜೋಡಿಸಲಾಗಿದೆ ಎಂಬ ವಿವರ ಅದರಲ್ಲಿರುತ್ತದೆ. ಹಲವು ವರ್ಷಗಳ ನಂತರ ಆಂಜಿಯೋಗ್ರಾಂ ಮಾಡುವ ವೈದ್ಯರಿಗೆ ಆ ವಿವರ ಸಿಗದಿದ್ದರೆ, ಜೋಡಿಸಿದ ನಾಳಗಳನ್ನು ಹುಡುಕಲು ಹೆಚ್ಚು ಸಮಯವೂ ಹೆಚ್ಚು ಬಣ್ಣದ ದ್ರಾವಣವೂ ಬೇಕಾಗಬಹುದು. ಮರುಚಿಕಿತ್ಸೆಗಾಗಿ ಸರ್ಕಾರಿ ಯೋಜನೆಯಡಿ ಅರ್ಜಿ ಸಲ್ಲಿಸುವವರು ಇದರ ನಕಲು ಪ್ರತಿಯನ್ನು ನೀಡಿ, ಮೂಲ ಪ್ರತಿಯನ್ನು ತಮ್ಮಲ್ಲಿಯೇ ಉಳಿಸಿಕೊಳ್ಳುವುದು ಸೂಕ್ತ.