ಎತ್ತರದ ಪ್ಲಿಮತ್, ಅರವತ್ತು ಅಡಿಯ ಲೆಕ್ಕ

ಅದು ಚೆಂದದ ಕಾರಲ್ಲ. 1949ರ ಪ್ಲಿಮತ್ ಕೂಪೆ, ಹಳೆಯ ಕಾಲದ ಗುಂಡಗಿನ ಮೈ. ಆ ಮೈಯನ್ನು ಚಕ್ರಗಳ ಮೇಲೆ ಎಷ್ಟು ಎತ್ತರಕ್ಕೆ ಏರಿಸಿ ಕೂರಿಸಿದ್ದಾರೆಂದರೆ ಆಕ್ಸಲ್ಲು, ಸ್ಪ್ರಿಂಗು ಎಲ್ಲ ಬಯಲಿಗೆ ಬಿದ್ದಿವೆ. ಬಾನೆಟ್ ಇರಬೇಕಾದ ಜಾಗದಿಂದ ಗಾಳಿಕೊಳವೆಗಳ ಗೊಂಚಲೊಂದು ಮೇಲೆದ್ದು ನಿಂತಿದೆ, ಅದರ ನೆತ್ತಿಯ ಮೇಲೆ ಎರಡು ಕಾರ್ಬ್ಯುರೇಟರ್. ಬದಿಯಲ್ಲಿ ಬಾಯಿ ಅಗಲಿಸಿದ ಎಕ್ಸಾಸ್ಟ್ ಕೊಳವೆಗಳು. ಕಾರಿನ ಹೆಸರು ‘ಹೈ ಅಂಡ್ ಮೈಟಿ’. ಅಮೆರಿಕದ ಡ್ರ್ಯಾಗ್ ರೇಸಿನ ಹಳೆಯ ಫೋಟೋಗಳಲ್ಲಿ ಇಷ್ಟು ವಿಚಿತ್ರವಾದ, ಇಷ್ಟು ಜಾಣತನದ ಇನ್ನೊಂದು ಕಾರನ್ನು ನಾನು ಕಂಡಿಲ್ಲ.

ಆ ದಿನಗಳಲ್ಲಿ ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲೂ ಪ್ಲಿಮತ್, ಡಾಡ್ಜ್ ಕಾರುಗಳನ್ನು ಜೋಡಿಸುತ್ತಿದ್ದರು. ನಮ್ಮ ಹಳಬರ ನೆನಪಿನಲ್ಲಿ ಪ್ಲಿಮತ್ ಎಂದರೆ ಸಾಹುಕಾರರ ಮನೆ ಮುಂದಿನ ಗಂಭೀರವಾದ ವಾಹನ. ಅದೇ ಕಾರನ್ನು ಡೆಟ್ರಾಯಿಟ್‌ನ ಕೆಲವು ಯುವಕರು ಗರಗಸ, ವೆಲ್ಡಿಂಗ್ ಹಿಡಿದು ಹೀಗೆ ಮಾಡಿದ್ದರು. ಅವರು ಬೀದಿಯ ಮೆಕ್ಯಾನಿಕ್ಕುಗಳಲ್ಲ, ಕ್ರೈಸ್ಲರ್ ಕಂಪನಿಯ ಎಂಜಿನಿಯರುಗಳು. ಕಚೇರಿ ಮುಗಿದ ಮೇಲೆ ಸೇರಿ ಕಟ್ಟಿಕೊಂಡ ಕ್ಲಬ್ಬಿಗೆ ‘ರ‍್ಯಾಮ್‌ಚಾರ್ಜರ್ಸ್’ ಎಂದು ಹೆಸರಿಟ್ಟರು. ಭೌತಶಾಸ್ತ್ರ ಓದಿ ಬಂದ ಟಾಮ್ ಹೂವರ್ ಅವರಲ್ಲೊಬ್ಬರು. 1964ರಲ್ಲಿ ಡೇಟೋನಾದಲ್ಲಿ ಗೆದ್ದು ಹೆಸರಾದ 426 ಹೆಮಿ ಎಂಜಿನ್ನಿನ ಜನಕ ಎಂದು ಮುಂದೆ ಕರೆಸಿಕೊಂಡವರು ಅವರೇ. 1959ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನಿನ ರಾಷ್ಟ್ರೀಯ ಸ್ಪರ್ಧೆ ಡೆಟ್ರಾಯಿಟ್‌ಗೇ ಬಂದಾಗ ಈ ಪ್ಲಿಮತ್ ಅಂಕಕ್ಕೆ ಇಳಿಯಿತು.

ಡ್ರ್ಯಾಗ್ ರೇಸಿನ ಚರಿತ್ರೆ ಚಿಕ್ಕದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಖಾಲಿಬಿದ್ದ ವಿಮಾನಪಟ್ಟಿಗಳು, ಬೀದಿಯಲ್ಲಿ ಪಂದ್ಯ ಕಟ್ಟುತ್ತಿದ್ದ ಹುಡುಗರು, ಅವರನ್ನು ಬೀದಿಯಿಂದ ಪಟ್ಟಿಗೆ ಕರೆತಂದ ಕೆಲವರು. ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ 1950ರಲ್ಲಿ ಪಟ್ಟಿ ಶುರುವಾಯಿತು, ಮರುವರ್ಷ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಎರಡು ಕಾರು, ನೇರ ರಸ್ತೆ, ಕಾಲು ಮೈಲಿ, ಅಂದರೆ 402 ಮೀಟರ್. ಮೊದಲು ಬಾವುಟ ಬೀಸಿ ಬಿಡುತ್ತಿದ್ದರು, 1963ರಿಂದ ದೀಪದ ಕಂಬ ಬಂತು.

ನೋಡುವವರ ಕಣ್ಣು ಗೆಲುವಿನ ಗೆರೆಯ ಮೇಲೆ. ಗಾಡಿ ಸಿದ್ಧಮಾಡುವವರು ಮೊದಲು ನೋಡುವುದು ಇನ್ನೊಂದು ಅಂಕಿಯನ್ನು: ಮೊದಲ 60 ಅಡಿ ದಾಟಲು ಎಷ್ಟು ಹೊತ್ತಾಯಿತು? ಅಲ್ಲಿ ಕಳೆದುಕೊಂಡದ್ದು ಕೊನೆಯ ಗೆರೆಗೆ ಹೋಗುವಷ್ಟರಲ್ಲಿ ಹಿಗ್ಗಿರುತ್ತದೆ, ಎಂಜಿನ್ ಎಷ್ಟು ಅಬ್ಬರಿಸಿದರೂ ಕೈಗೆ ಸಿಗುವುದಿಲ್ಲ. ಶಕ್ತಿಯನ್ನು ಹುಟ್ಟಿಸುವುದು ಒಂದು ವಿದ್ಯೆ. ಅದನ್ನು ನೆಲಕ್ಕೆ ದಾಟಿಸುವುದು ಬೇರೆಯದೇ ವಿದ್ಯೆ, ನನ್ನ ಮಟ್ಟಿಗೆ ಹೆಚ್ಚು ಸೂಕ್ಷ್ಮವಾದದ್ದು.

ಪ್ಲಿಮತ್ತನ್ನು ಅಟ್ಟಕ್ಕೇರಿಸಿದ್ದು ಈ ಕಾರಣಕ್ಕೆ. ಬಸ್ಸು ಝಗ್ಗನೆ ಹೊರಟಾಗ ನಿಂತವರೆಲ್ಲ ಹಿಂದಕ್ಕೆ ವಾಲುತ್ತಾರಲ್ಲ, ಕಾರಿನ ಭಾರವೂ ಹಾಗೆಯೇ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಎಷ್ಟು ಬೀಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. 1,500 ಕಿಲೋ ತೂಕದ ಕಾರಿನ ಭಾರಕೇಂದ್ರ ನೆಲದಿಂದ 50 ಸೆಂಟಿಮೀಟರ್ ಮೇಲಿದೆ, ಮುಂದಿನ–ಹಿಂದಿನ ಚಕ್ರಗಳ ಅಂತರ 250 ಸೆಂಟಿಮೀಟರ್ ಎನ್ನೋಣ. ಗುರುತ್ವಕ್ಕೆ ಸಮನಾದ ವೇಗೋತ್ಕರ್ಷದಲ್ಲಿ ಅದು ಹೊರಟರೆ 300 ಕಿಲೋ ಹಿಂದಕ್ಕೆ ಸರಿಯುತ್ತದೆ. ಭಾರಕೇಂದ್ರವನ್ನು 75 ಸೆಂಟಿಮೀಟರಿಗೆ ಎತ್ತಿದರೆ ಸರಿಯುವುದು 450 ಕಿಲೋ. ಟೈರಿನ ಮೇಲೆ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಆ ಕಾಲದ ಟೈರುಗಳ ಹಿಡಿತ ಅಷ್ಟಕ್ಕಷ್ಟೇ ಇದ್ದುದರಿಂದ ಸಿಕ್ಕ ಒಂದೊಂದು ಕಿಲೋವೂ ಬೇಕಿತ್ತು. ರೇಸಿನ ಕಾರೆಂದರೆ ನೆಲಕ್ಕೆ ಅಂಟಿಕೊಂಡಿರಬೇಕು ಎಂದು ಎಲ್ಲರೂ ನಂಬಿದ್ದಾಗ, ತಿರುವೇ ಇಲ್ಲದ ಈ ರೇಸಿಗೆ ಆ ನಂಬಿಕೆ ಅನ್ವಯಿಸುವುದಿಲ್ಲ ಎಂದು ಕಾಗದದ ಮೇಲೆ ಕಂಡುಕೊಂಡು, ಕಂಡದ್ದನ್ನು ನಾಚದೆ ಕಟ್ಟಿ ನಿಲ್ಲಿಸಿದರಲ್ಲ, ಆ ಧೈರ್ಯಕ್ಕೆ ನನ್ನ ನಮಸ್ಕಾರ.

ಪ್ಲಿಮತ್ತಿನ ನಂತರ ಕ್ರೈಸ್ಲರ್ ಕಾರುಗಳಿಗೆ ಬಂದ ‘ಸೂಪರ್ ಸ್ಟಾಕ್’ ಸ್ಪ್ರಿಂಗ್ ಇದೇ ಬುದ್ಧಿಯ ಮುಂದುವರಿಕೆ. ಬೇರೇನಲ್ಲ, ನಮ್ಮ ಲಾರಿಗಳ ಕೆಳಗೆ ಕಾಣುವ ಕಮಾನು ಪಟ್ಟಿಯೇ. ವ್ಯತ್ಯಾಸ ಇರುವುದು ಆಕ್ಸಲ್ಲನ್ನು ಅದಕ್ಕೆ ಕಟ್ಟಿದ ಜಾಗದಲ್ಲಿ. ನಡುವಿಗೆ ಕಟ್ಟದೆ ಮುಂದಕ್ಕೆ ಸರಿಸಿ ಕಟ್ಟಿದ್ದರಿಂದ ಮುಂದಿನ ತುಂಡು ಗಿಡ್ಡ, ಬಿರುಸು. ಹಿಂದಿನದು ಉದ್ದ, ಮೆದು. ಆಕ್ಸಿಲರೇಟರ್ ಒತ್ತಿದ ಕೂಡಲೇ ಆಕ್ಸಲ್ಲಿನ ನಡುವಿರುವ ಡಿಫರೆನ್ಷಿಯಲ್ಲಿನ ಮೂತಿ ಮೇಲಕ್ಕೆ ತಿರುಗಲು ಹವಣಿಸುತ್ತದೆ. ಮೆತ್ತಗಿನ ಪಟ್ಟಿಯಾದರೆ ಅಂಕುಡೊಂಕಾಗಿ ಸುತ್ತಿಕೊಂಡು, ಬಿಚ್ಚಿಕೊಂಡು, ಆಕ್ಸಲ್ ಕುಪ್ಪಳಿಸಿ ಟೈರು ನೆಲ ಬಿಡುತ್ತದೆ. ಬಿರುಸಾದ ಮುಂದಿನ ತುಂಡು ಸುತ್ತಿಕೊಳ್ಳದೆ ಸನ್ನೆಗೋಲಾಗಿ ನಿಂತು ಕಾರಿನ ಮೈಯನ್ನು ಮೇಲಕ್ಕೆ ನೂಕುತ್ತದೆ, ಆಕ್ಸಲ್ಲನ್ನು ಕೆಳಕ್ಕೆ ಒತ್ತುತ್ತದೆ. ಡಿಫರೆನ್ಷಿಯಲ್ ಮೂತಿಯ ಮೇಲೊಂದು ರಬ್ಬರ್ ಗುಬುಟು ಕೂರಿಸುತ್ತಾರೆ. ಅದನ್ನು ‘ಪಿನಿಯನ್ ಸ್ನಬ್ಬರ್’ ಎನ್ನುತ್ತಾರೆ. ಅದು ಕಾರಿನ ತಳಕ್ಕೆ ತಾಗಿ ಇದೇ ಕೆಲಸವನ್ನು ಪೂರೈಸುತ್ತದೆ. ಹೊರಡುವಾಗ ಕಾರಿನ ಹಿಂಭಾಗ ಕುಸಿದರೆ ಹಿಡಿತ ಬಂತೆಂದು ನೋಡುವವರು ತಿಳಿಯುತ್ತಾರೆ. ಚೆನ್ನಾಗಿ ಹೊಂದಿಸಿದ ಇಂಥ ಕಾರು ಹಿಂಭಾಗ ಎತ್ತಿಕೊಂಡೇ ಹೊರಡುತ್ತದೆ.

ಎಡ–ಬಲ ಸ್ಪ್ರಿಂಗುಗಳೂ ಒಂದೇ ಅಲ್ಲ. ಎಂಜಿನ್ ಮುಂದಿದ್ದು ಶಾಫ್ಟ್ ಉದ್ದಕ್ಕೆ ಹಾದುಬಂದ ಕಾರಿನಲ್ಲಿ, ಆ ಶಾಫ್ಟಿನ ತಿರುಚು ಬಲ ಆಕ್ಸಲ್ಲಿನ ಬಲತುದಿಯನ್ನು ಎತ್ತಲು ನೋಡುತ್ತದೆ. ಬಲ ಟೈರು ಹಗುರಾಗಿ ಸುಮ್ಮನೆ ಸುತ್ತುತ್ತದೆ. ಅದಕ್ಕೆಂದೇ ಬಲಗಡೆಯ ಸ್ಪ್ರಿಂಗಿಗೆ ಕಮಾನು ಹೆಚ್ಚು. ಸುಮ್ಮನೆ ನಿಂತಾಗ ಕಾರು ಬಲಭಾಗ ಎತ್ತಿಕೊಂಡು ಸೊಟ್ಟಗೆ ಕಾಣುತ್ತದೆ, ಹೊರಟಾಗ ಎರಡೂ ಟೈರು ಸಮನಾಗಿ ನೆಲ ಕಚ್ಚುತ್ತವೆ.

1965ರಲ್ಲಿ ಕ್ರೈಸ್ಲರ್ ಬಳಗ ಇನ್ನೂ ಮುಂದೆ ಹೋಯಿತು. ಹಿಂದಿನ ಆಕ್ಸಲ್ಲನ್ನು 15 ಅಂಗುಲ, ಮುಂದಿನದನ್ನು 10 ಅಂಗುಲ ಮುಂದಕ್ಕೆ ತಳ್ಳಿದ ಕೆಲವೇ ಕಾರುಗಳನ್ನು ಕಟ್ಟಿದರು, ಭಾರವೆಲ್ಲ ಹಿಂದೆ ಬೀಳಲೆಂದು. ವಾಲಿ ಪಾರ್ಕ್ಸ್ ಅವರ ಸಂಸ್ಥೆ ಅವುಗಳನ್ನು ಸ್ಟಾಕ್ ಕಾರೆಂದು, ಅಂದರೆ ಕಾರ್ಖಾನೆಯಿಂದ ಬಂದಂಥ ಕಾರೆಂದು, ಒಪ್ಪಲಿಲ್ಲ. ನೋಡಿದವರು ‘ಫನ್ನಿ ಕಾರ್’ ಎಂದರು, ಮುಂದೆ ಅದೇ ಹೆಸರಿನ ಒಂದು ವರ್ಗವೇ ಹುಟ್ಟಿಕೊಂಡಿತು.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಮ್ಯಾಸಚೂಸೆಟ್ಸ್‌ನ ರಿಫ್ಕಿನ್ ತಂದೆ–ಮಗ ‘ಎಂ ಅಂಡ್ ಎಚ್’ ಹೆಸರಿನಲ್ಲಿ ಡ್ರ್ಯಾಗಿಗೆಂದೇ ನುಣುಪು ಟೈರು ತಂದರು. ಟೈರಿನ ಪಕ್ಕೆ ಮೆದುವಾಗಿ, ಗಾಳಿ ಕಡಿಮೆಯಾಗಿ, ಹೊರಡುವಾಗ ಅದು ಸುಕ್ಕುಗಟ್ಟಿ ನೆಲವನ್ನು ಅಪ್ಪತೊಡಗಿತು. ಟೈರು ಸುತ್ತಿಸಿ ಬಿಸಿ ಮಾಡುವ ರೂಢಿ ಬಂತು, ಪಟ್ಟಿಗೆ ಅಂಟು ಸಿಂಪಡಿಸತೊಡಗಿದರು. ಕಮಾನು ಪಟ್ಟಿಯ ಜಾಗಕ್ಕೆ ನಾಲ್ಕು ಸರಳುಗಳ ‘ಫೋರ್ ಲಿಂಕ್’ ಬಂತು. ಸರಳಿನ ತುದಿಯನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಬದಲಿಸಿದರೆ ಸಾಕು, ಟೈರಿಗೆ ಬೀಳುವ ಪೆಟ್ಟಿನ ಜೋರು ಬದಲಾಗುತ್ತದೆ. ಹಿಡಿತ ಹೆಚ್ಚಿದ ಮೇಲೆ ಕಾರನ್ನು ಎತ್ತರಿಸುವ ಅಗತ್ಯ ಉಳಿಯಲಿಲ್ಲ. ಮೂಗೆತ್ತಿ ಹಿಂದಕ್ಕೆ ಮಗುಚದಂತೆ ತಡೆಯುವುದೇ ಹೊಸ ಚಿಂತೆಯಾಗಿ ಬಾಲದಲ್ಲಿ ಪುಟ್ಟ ಚಕ್ರಗಳು ಬಂದವು.

ಲೋಣಾವಳದ ಬಳಿ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ನಡೆದ ಡ್ರ್ಯಾಗ್ ಓಟಗಳನ್ನು ನಮ್ಮ ಎಷ್ಟೋ ಹುಡುಗರು ಬಲ್ಲರು. ನಮ್ಮಲ್ಲಿ ಹೆಚ್ಚಿನ ಕಾರುಗಳಿಗೆ ಎಂಜಿನ್ ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಹೊರಡುವಾಗ ಭಾರ ಹಿಂದಕ್ಕೆ ಸರಿದು, ದುಡಿಯಬೇಕಾದ ಚಕ್ರವೇ ಹಗುರಾಗುತ್ತದೆ. ಟರ್ಬೊ, ಚಿಪ್ ಎಂದು ಲಕ್ಷಗಟ್ಟಲೆ ಸುರಿಯುವ ಮೊದಲು ಟೈರು, ಶಾಕ್ ಅಬ್ಸಾರ್ಬರುಗಳ ಕಡೆ ನೋಡಬೇಕು ಎಂದು ಅವರಿಗೆ ಹೇಳಬೇಕೆನಿಸುತ್ತದೆ. ಓಡಿಸುವುದು ಮಾತ್ರ ಬೀದಿಯಲ್ಲಲ್ಲ, ಪಟ್ಟಿಯ ಮೇಲೆ.

ಡೆಟ್ರಾಯಿಟ್‌ನ ಆ ಪಟ್ಟಿ ಮುಚ್ಚಿದೆ. ಹೈಲ್ಯಾಂಡ್ ಪಾರ್ಕ್‌ನ ಕಚೇರಿಯನ್ನು ಕ್ರೈಸ್ಲರ್ 1990ರ ದಶಕದಲ್ಲಿ ಬಿಟ್ಟುಹೋಯಿತು. ಟಾಮ್ ಹೂವರ್ 2015ರಲ್ಲಿ ತೀರಿಕೊಂಡರು. ಮೂಲ ಹೈ ಅಂಡ್ ಮೈಟಿ ಉಳಿಯಲಿಲ್ಲ, ಅಭಿಮಾನಿಗಳು ಕಟ್ಟಿದ ಪ್ರತಿರೂಪವಿದೆ. ಹಳೆಯ ಸೂಪರ್ ಸ್ಟಾಕ್ ಕಾರುಗಳ ಓಟ ಅಮೆರಿಕದಲ್ಲಿ ಈಗಲೂ ನಡೆಯುತ್ತದೆ. ಈ ಬಿಸಿಲಿಗೆ, ಈ ಪಟ್ಟಿಗೆ ಸ್ನಬ್ಬರ್ ಎಷ್ಟು ಏರಿಸಬೇಕು, ಸ್ಪ್ರಿಂಗಿನ ಯಾವ ಕ್ಲ್ಯಾಂಪ್ ಸಡಿಲಿಸಬೇಕು ಎಂಬುದನ್ನು ಕಾರು ಹೊರಟ ರೀತಿ ನೋಡಿಯೇ ಹೇಳಬಲ್ಲ ವಯಸ್ಸಾದ ಕೈಗಳು ಅಲ್ಲಿ ಇನ್ನೂ ಇವೆ. ಅವರ ಪಕ್ಕ ಸ್ಪ್ಯಾನರ್ ಹಿಡಿದು ಕಲಿಯುವ ಕಿರಿಯರು ಇನ್ನಷ್ಟು ಜನ ಬರಲಿ.