ಯಾವ ಮಂಜ? ಡಿ ಭಾಷೆಯ ಒಂದು ಪ್ರಶ್ನೆ

ಊರಲ್ಲಿ ‘ಮಂಜನನ್ನು ಕರಿ’ ಎಂದರೆ ‘ಯಾವ ಮಂಜ?’ ಎಂಬ ಪ್ರಶ್ನೆ ತಕ್ಷಣ ಬರುತ್ತದೆ. ಗೌಡರ ಮನೆಯವನೋ, ಅಂಗಡಿಯವನೋ ತಿಳಿಯದೆ ಕೆಲಸ ಸಾಗದು. ಪುಣೆ, ಹೈದರಾಬಾದ್ ಕಡೆ ಕೂತು ಕೋಡ್ ಬರೆಯುವ ನಮ್ಮವರಲ್ಲಿ ಸಿ ಪ್ಲಸ್ ಪ್ಲಸ್ ಬಿಟ್ಟು ಡಿ ಭಾಷೆಗೆ ಕೈ ಹಾಕಿದವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ವಾಲ್ಟರ್ ಬ್ರೈಟ್ 2001ರಲ್ಲಿ ಹೊರತಂದ ಡಿ ಭಾಷೆಯಲ್ಲಿ ಫಂಕ್ಷನ್ ಪಾಯಿಂಟರ್ ಮತ್ತು ಡೆಲಿಗೇಟ್ ಬೇರೆ ಬೇರೆ ಟೈಪುಗಳು. ಫಂಕ್ಷನ್ ಪಾಯಿಂಟರ್‌ನಲ್ಲಿ ಕೋಡ್ ಇರುವ ವಿಳಾಸ ಮಾತ್ರ ಇರುತ್ತದೆ. ಡೆಲಿಗೇಟ್‌ನಲ್ಲಿ ಎರಡು ವಿಳಾಸಗಳು: ಒಂದು ಕೋಡಿನದು, ಇನ್ನೊಂದು ಯಾವ ಆಬ್ಜೆಕ್ಟ್ ಎಂಬುದರದು. ಹಾಗಾಗಿ 64 ಬಿಟ್ ಯಂತ್ರದಲ್ಲಿ ಮೊದಲನೆಯದಕ್ಕೆ 8 ಬೈಟ್, ಎರಡನೆಯದಕ್ಕೆ 16 ಬೈಟ್ ಬೇಕು.

ಒಂದು ಖಾತೆಯ ಆಬ್ಜೆಕ್ಟ್ ಮೂಲಕ ‘ಜಮೆ’ ಮೆಥಡಿನ ವಿಳಾಸ ಪಡೆದರೆ ಸಿಗುವುದು ಡೆಲಿಗೇಟ್. ಆಬ್ಜೆಕ್ಟ್ ಬಿಟ್ಟು ಕ್ಲಾಸಿನ ಹೆಸರಿನಿಂದಲೇ ಪಡೆದರೆ ಬರೀ ಫಂಕ್ಷನ್ ಪಾಯಿಂಟರ್. ಅದನ್ನು ಹಾಗೆಯೇ ಕರೆದರೆ ಜಮೆ ಯಾರ ಖಾತೆಗೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ. ಪ್ರೋಗ್ರಾಂ ಕುಸಿಯಬಹುದು, ಇಲ್ಲವೇ ತಪ್ಪು ಲೆಕ್ಕ ಹೇಳಬಹುದು. ಸ್ಟ್ಯಾಟಿಕ್ ಮೆಥಡ್‌ಗೆ ಈ ತೊಡಕಿಲ್ಲ, ಅದಕ್ಕೆ ಆಬ್ಜೆಕ್ಟೇ ಬೇಡ.

ಟೆಂಪ್ಲೇಟ್ ಬರೆಯುವಾಗ ಇದು ಕಾಡುತ್ತದೆ. ಪ್ಯಾರಾಮೀಟರನ್ನು ಫಂಕ್ಷನ್ ಪಾಯಿಂಟರ್ ಎಂದೇ ಘೋಷಿಸಿದರೆ ಮೆಥಡಿನ ಡೆಲಿಗೇಟ್ ಅಲ್ಲಿ ಹೊಂದುವುದಿಲ್ಲ, ಕಂಪೈಲರ್ ತಡೆಯುತ್ತದೆ. ಟೈಪನ್ನೇ ಟೆಂಪ್ಲೇಟ್ ಪ್ಯಾರಾಮೀಟರ್ ಮಾಡಿ, ‘ಕರೆಯಬಹುದಾದದ್ದು ಆಗಿರಬೇಕು’ ಎಂಬ ಒಂದು ನಿಬಂಧನೆ ಹಾಕಿದರೆ ಎರಡನ್ನೂ ಸ್ವೀಕರಿಸುತ್ತದೆ. ಡೆಲಿಗೇಟ್ ಮಾತ್ರ ಬೇಕೆಂದಿರುವಲ್ಲಿ ಮಾಮೂಲಿ ಫಂಕ್ಷನ್ ಕೊಡಬೇಕಾದರೆ, ಅದನ್ನು ಡೆಲಿಗೇಟ್ ಮಾಡಿಕೊಡುವ ಸೌಲಭ್ಯ ಫೋಬೋಸ್ ಲೈಬ್ರರಿಯಲ್ಲೇ ಇದೆ. ಮೆಥಡಿನ ಹೆಸರನ್ನೇ ಅಲಿಯಾಸ್ ಆಗಿ ಕೊಡುವ ದಾರಿಯೂ ಉಂಟು. ಆದರೆ ಕ್ಲಾಸಿನಿಂದ ಹೆಸರು ಹಿಡಿದು ಕೊಟ್ಟರೆ ಆಬ್ಜೆಕ್ಟನ್ನು ಬೇರೆಯಾಗಿ ದಾಟಿಸಬೇಕು.

ಇನ್ನೆರಡು ಎಚ್ಚರಿಕೆಗಳು. ಸಿ ಲೈಬ್ರರಿಗಳ ಕಾಲ್‌ಬ್ಯಾಕ್‌ಗೆ ಡೆಲಿಗೇಟ್ ನಡೆಯದು. ಅಲ್ಲಿ ಸಿ ಪದ್ಧತಿಯ ಮಾಮೂಲಿ ಫಂಕ್ಷನ್ ಕೊಟ್ಟು, ಲೈಬ್ರರಿ ಅವಕಾಶ ಕೊಟ್ಟಿದ್ದರೆ ಆಬ್ಜೆಕ್ಟಿನ ವಿಳಾಸವನ್ನು ಜತೆಗೆ ಕಳಿಸುವುದೇ ರೂಢಿ. ಇನ್ನೊಂದು, ಸ್ಟ್ಯಾಕ್ ಮೇಲಿರುವ ಸ್ಟ್ರಕ್ಟ್‌ನ ಮೆಥಡಿಗೆ ಮಾಡಿದ ಡೆಲಿಗೇಟನ್ನು ಆ ಫಂಕ್ಷನ್ ಮುಗಿದ ಮೇಲೆ ಬಳಸಬಾರದು. ಆಗ ವಿಳಾಸ ಇರುತ್ತದೆ, ಮನೆಯೇ ಇರುವುದಿಲ್ಲ. ಕಂಪೈಲರ್ ಇದನ್ನು ಪ್ರತಿ ಸಲವೂ ಹಿಡಿಯುತ್ತದೆಂದು ನಂಬುವಂತಿಲ್ಲ.

ಹಣದ ಲೆಕ್ಕ, ರೋಗಿಯ ದಾಖಲೆ ಇಂಥವುಗಳ ಕೋಡನ್ನು ನಮ್ಮಲ್ಲಿ ಎಷ್ಟೋ ಮಂದಿ ಬರೆಯುತ್ತೇವೆ. ಅಲ್ಲಿ ತಪ್ಪು ಆಬ್ಜೆಕ್ಟಿಗೆ ಹೋದ ಒಂದು ಕರೆ ಎಂದರೆ ಯಾರದೋ ಖಾತೆಯಲ್ಲಿ ಯಾರದೋ ದುಡ್ಡು. ಆದ್ದರಿಂದ ರಿವ್ಯೂಗೆ ಬಂದ ಕೋಡಿನಲ್ಲಿ ಮೆಥಡಿನ ವಿಳಾಸ ಕಂಡಾಗಲೆಲ್ಲ ಎರಡು ಪ್ರಶ್ನೆ ಕೇಳಿ: ಇದು ಯಾವ ಆಬ್ಜೆಕ್ಟಿನದು? ಕರೆಯುವ ಹೊತ್ತಿಗೆ ಆ ಆಬ್ಜೆಕ್ಟ್ ಇನ್ನೂ ಇರುತ್ತದೆಯೇ? ಎರಡಕ್ಕೂ ಉತ್ತರ ಸಿಕ್ಕರೆ ಮಾತ್ರ ಒಪ್ಪಿಗೆ ಕೊಡಿ.